ಕೆರೆಯ ಕೆಲಸಕ್ಕೆ ಕೈಜೋಡಿಸಿದವರಿಗೆ ನೀರುಗಂಟಿಯ ಮೊಮ್ಮಗಳ ವಂದನೆ

ಮುಳಬಾಗಿಲು ತಾಲ್ಲೂಕಿನ ನಮ್ಮೂರಿನ ಕೆರೆ ಸಮಿತಿಯ ಅಧ್ಯಕ್ಷ ಸ್ಥಾನವನ್ನು ಕಳೆದ ವಾರದ ಸಭೆಯಲ್ಲಿ ನನಗಿಂತ ಕಿರಿಯರೊಬ್ಬರಿಗೆ ಒಪ್ಪಿಸಿದ್ದೇನೆ. ಅಂದು ಮಾತನಾಡಲು ಎದ್ದಾಗ ಸಮಯವೂ ಸಾಲಲಿಲ್ಲ, ಗಂಟಲೂ ಸಹಕರಿಸಲಿಲ್ಲ. ಆದ್ದರಿಂದ ಸಲ್ಲಬೇಕಾದ ಕೃತಜ್ಞತೆಯನ್ನು ಹೀಗೆ ಬರೆದು ಸಲ್ಲಿಸುತ್ತಿದ್ದೇನೆ. ತಮ್ಮ ಹೆಸರು ಹಾಕಬಾರದೆಂದು ಹಲವರು ಕೇಳಿಕೊಂಡಿರುವುದರಿಂದ ಯಾರ ಹೆಸರನ್ನೂ ಬರೆಯದೆ ಅವರವರು ಮಾಡಿದ ಕೆಲಸವನ್ನಷ್ಟೇ ನೆನೆಯುತ್ತೇನೆ. ಓದಿದಾಗ ಇದು ತಮ್ಮ ಮಾತೆಂದು ಅವರಿಗೆ ಗೊತ್ತಾಗುತ್ತದೆ.

ಮೊದಲ ವಂದನೆ ನನ್ನ ತಾತನವರಿಗೆ ಮತ್ತು ಅಜ್ಜಿಗೆ. ತಾತ ಈ ಕೆರೆಯ ನೀರುಗಂಟಿಯಾಗಿದ್ದರು. ಕೋಲಾರದ ಕಡೆಯವರಲ್ಲದ ಓದುಗರಿಗಾಗಿ ಒಂದೆರಡು ಮಾತು ಹೇಳಬೇಕು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ನಮ್ಮ ಜಿಲ್ಲೆಯಲ್ಲಿ ಬೇಸಾಯವೆಲ್ಲ ಕೆರೆಗಳನ್ನು ನಂಬಿ ನಡೆಯುತ್ತಿತ್ತು. ಒಂದು ಕೆರೆ ತುಂಬಿ ಅದರ ಕೋಡಿ, ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿ, ಹರಿದರೆ ಆ ನೀರು ಕೆಳಗಿನ ಊರಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನ ಕೆರೆಗೆ ಹೋಗುವಂತೆ ಹಿರಿಯರು ಸರಣಿಯಾಗಿ ಕಟ್ಟಿದ ಸಾವಿರಾರು ಕೆರೆಗಳು ಇಲ್ಲಿವೆ. ಪ್ರತಿ ಕೆರೆಗೂ ಒಬ್ಬ ನೀರುಗಂಟಿ ಇರುತ್ತಿದ್ದರು. ಕೆರೆಯಿಂದ ಕಾಲುವೆಗೆ ನೀರು ಬಿಡುವ ತೂಬನ್ನು ಎತ್ತುವುದು, ಮುಚ್ಚುವುದು, ಕೆರೆಯ ನೀರುಣ್ಣುವ ಭೂಮಿಯಾದ ಅಚ್ಚುಕಟ್ಟಿನ ಪ್ರತಿ ಗದ್ದೆಗೂ ಸರದಿಯಂತೆ ನೀರು ಹಾಯಿಸುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿಯ (ಕೆರೆಯ ಕಟ್ಟೆಯ) ಮೇಲೆ ನಡೆದು ಬಿರುಕು ಬಿಟ್ಟಿದೆಯೇ, ಇಲಿ ಏಡಿಗಳ ಬಿಲದಿಂದ ನೀರು ಜಿನುಗುತ್ತಿದೆಯೇ ಎಂದು ನೋಡುವುದು ಅವರ ಹೊಣೆ. ಗದ್ದೆಯ ಒಡೆಯರು ತಾವಾಗಿ ಮಡೆ ತಿರುಗಿಸಿಕೊಳ್ಳುವಂತಿರಲಿಲ್ಲ. ನೀರನ್ನು ಮುಟ್ಟುವ ಅಧಿಕಾರ ನೀರುಗಂಟಿಯೊಬ್ಬರಿಗೇ ಇತ್ತು. ಇಷ್ಟು ದೊಡ್ಡ ಅಧಿಕಾರವನ್ನು ಊರು ಒಪ್ಪಿಸಿದ್ದು ಅಚ್ಚುಕಟ್ಟಿನಲ್ಲಿ ಒಂದು ಗುಂಟೆ ತರಿ (ನೀರಾವರಿ) ಭೂಮಿಯೂ ಇಲ್ಲದ ನಮ್ಮ ಮನೆಯವರಿಗೆ.

ನೀರಿನಲ್ಲಿ ಸ್ವಂತದ ಪಾಲಿಲ್ಲದವರ ಕೈಯಲ್ಲಿ ನೀರಿದ್ದರೆ ಹಂಚಿಕೆ ನ್ಯಾಯವಾಗಿರುತ್ತದೆ ಎಂಬುದು ಈ ವ್ಯವಸ್ಥೆಯ ಲೆಕ್ಕಾಚಾರವೆಂದು ಬಹಳ ಜನ ಹೇಳುತ್ತಾರೆ. ಅಜ್ಜಿ ಹೇಳುತ್ತಿದ್ದ ಲೆಕ್ಕ ಇನ್ನೂ ಒಂದು ಹೆಜ್ಜೆ ಮುಂದಿತ್ತು. ತಾತನಿಗೆ ಸಂಬಳವಿರಲಿಲ್ಲ, ಸುಗ್ಗಿಯಲ್ಲಿ ಕಣಕಣಕ್ಕೂ ಹೋಗಿ ಆಯದ ಭತ್ತ, ಅಂದರೆ ದುಡಿಮೆಗೆ ಪ್ರತಿಯಾಗಿ ಕೊಡುವ ಬೆಳೆಯ ಪಾಲು, ತರಬೇಕಿತ್ತು. ತೂಬಿನ ಪಕ್ಕದ ಗದ್ದೆ ಎಷ್ಟು ಚೆನ್ನಾಗಿ ಬೆಳೆದರೂ ಅಲ್ಲಿಂದ ಬರುವುದು ಒಂದೇ ಪಾಲು. ಅಚ್ಚುಕಟ್ಟಿನ ಕೊನೆಯ ಗದ್ದೆ ಒಣಗಿದರೆ ಅಲ್ಲಿನ ಪಾಲು ಬರುತ್ತಲೇ ಇರಲಿಲ್ಲ. ಹಾಗಾಗಿ ತಾತ ಬೆಳಿಗ್ಗೆ ಮೊದಲು ನೋಡುತ್ತಿದ್ದದ್ದು ಕಾಲುವೆಯ ತುದಿಯನ್ನು, ಆಮೇಲೆ ತೂಬನ್ನು. ಸಮಿತಿಯ ಅಧ್ಯಕ್ಷಳಾದಾಗ ನಾನು ಸ್ವಯಂಸೇವಕರನ್ನು ಮುನ್ನಡೆಸುವ ಯಾವ ತರಬೇತಿಯನ್ನೂ ಪಡೆದಿರಲಿಲ್ಲ. ಸಭೆಗೆ ಯಾರು ಬಂದಿದ್ದಾರೆ ಎಂದು ನೋಡುವುದಕ್ಕಿಂತ ಮೊದಲು ಯಾರು ಬಂದಿಲ್ಲ ಎಂದು ನೋಡಿ, ಅವರ ಮನೆಗೆ ನಾನೇ ಹೋಗುವ ಅಭ್ಯಾಸ ಮಾಡಿಕೊಂಡಿದ್ದರೆ ಅದು ತಾತನ ನಡಿಗೆಯ ದಿಕ್ಕಿನಿಂದ ಬಂದದ್ದು.

ಮಳೆ ಕಡಿಮೆಯಾಗಿ ಕೆರೆ ಅರ್ಧಂಬರ್ಧ ತುಂಬಿದ ವರ್ಷಗಳಲ್ಲಿ ನಡೆಯುತ್ತಿದ್ದ ದಾಮಾಷಾ ಪದ್ಧತಿಯನ್ನೂ ಇಲ್ಲಿ ನೆನೆಯಲೇಬೇಕು. ಊರಿನವರೆಲ್ಲ ಏರಿಯ ಮೇಲೆ ಸೇರಿ, ಇರುವ ನೀರು ಎಷ್ಟು ಎಕರೆಗೆ ಸಾಕಾದೀತೆಂದು ನೀರುಗಂಟಿಯನ್ನು ಕೇಳುತ್ತಿದ್ದರು. ಅವರು ಹೇಳಿದಷ್ಟು ಭೂಮಿಯನ್ನು ತೂಬಿನ ಹತ್ತಿರದಲ್ಲೇ ಗುರುತಿಸಿ, ಅದು ಯಾರದೇ ಆಗಿರಲಿ, ಇಡೀ ಅಚ್ಚುಕಟ್ಟಿನ ರೈತರಿಗೆ ಅವರವರ ಹಿಡುವಳಿಗೆ ತಕ್ಕ ಪ್ರಮಾಣದಲ್ಲಿ ಆ ಒಂದು ಬೆಳೆಯ ಮಟ್ಟಿಗೆ ಹಂಚುತ್ತಿದ್ದರು. ತನ್ನ ಗದ್ದೆಯಲ್ಲಿ ಇನ್ನೊಬ್ಬರು ಉಳುವುದನ್ನು ನೋಡಿ ಸುಮ್ಮನಿರುವುದು ಸಾಮಾನ್ಯ ಮಾತಲ್ಲ. ಇಂದು ಗಡಿಯ ಕಲ್ಲು ಒಂದಡಿ ಸರಿದರೆ ನ್ಯಾಯಾಲಯದ ಮೆಟ್ಟಿಲು ಹತ್ತುವ ನಾವು ಅದೇ ಊರಿನವರೇ ಎಂದು ನನಗೆ ಎಷ್ಟೋ ಸಲ ಅನುಮಾನ ಬಂದಿದೆ.

ಆದರೆ ಈ ಹಳೆಯ ವ್ಯವಸ್ಥೆಯನ್ನು ಹೊಗಳಿ ನಿಲ್ಲಿಸಲು ನನಗೆ ಸಾಧ್ಯವಿಲ್ಲ. ಯಾರ ಗದ್ದೆಗೆ ತಾತ ನೀರು ಹಾಯಿಸುತ್ತಿದ್ದರೋ ಅವರ ಮನೆಯ ಬಾವಿಯಿಂದ ಒಂದು ಕೊಡ ನೀರು ಸೇದಿಕೊಳ್ಳುವ ಹಕ್ಕು ಅಜ್ಜಿಗೆ ಇರಲಿಲ್ಲ. ಆಯದ ಭತ್ತವನ್ನು ದೂರದಿಂದಲೇ ಸೆರಗಿಗೆ ಸುರಿಯುತ್ತಿದ್ದರು. ವಂಶಪಾರಂಪರ್ಯದ ಹಳ್ಳಿ ನೌಕರಿ ಗೌರವವಲ್ಲ, ಕಟ್ಟಿಹಾಕುವ ಹಗ್ಗ ಎಂಬುದನ್ನು ಡಾ. ಬಿ.ಆರ್. ಅಂಬೇಡ್ಕರ್ ಅವರು 1928ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನಿನ, ಅಂದರೆ ಮಹಾರ್ ಜಾತಿಯವರ ವಂಶಪಾರಂಪರ್ಯದ ಹಳ್ಳಿ ಚಾಕರಿಯ ಬಗ್ಗೆ ಮಸೂದೆ ಮಂಡಿಸಿ ಎತ್ತಿ ತೋರಿಸಿದ್ದರು. ನಮ್ಮಲ್ಲಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ವಂಶಪಾರಂಪರ್ಯದ ಹುದ್ದೆಗಳು ಹೋದವು. ಏರಿಯ ಆಚೆಗಿದ್ದ ನಮ್ಮ ಚೂರು ಇನಾಂ (ನೌಕರಿಗೆ ಪ್ರತಿಯಾಗಿ ಬಂದ) ಖುಷ್ಕಿ (ಮಳೆಯಾಶ್ರಿತ) ಭೂಮಿ ತಾತನ ಹೆಸರಿಗೆ ಮರುಮಂಜೂರಾಯಿತು. ಆ ಭೂಮಿಯ ರಾಗಿಯಿಂದಲೇ ನನ್ನ ತಂದೆ ಓದಿದರು, ಅವರ ಸಂಬಳದಿಂದ ನಾನು ಓದಿ ಶಾಲಾ ಶಿಕ್ಷಕಿಯಾದೆ. ಕಾಯ್ದೆ ಬಂದದ್ದು ನಮಗೆ ಒಳ್ಳೆಯದೇ ಆಯಿತು. ಕೆರೆಯನ್ನು ನೋಡಿಕೊಳ್ಳುವವರ ಜಾಗ ಖಾಲಿಯಾದದ್ದೂ ನಿಜ, ಅದಕ್ಕೆ ಬೇರೊಂದು ಏರ್ಪಾಡನ್ನು ಊರು ಮಾಡಿಕೊಳ್ಳಲಿಲ್ಲ. ಬಿಟ್ಟಿಗೆ ಹುಟ್ಟಿನಿಂದ ಬಂದ ದುಡಿಮೆಯನ್ನು, ಇಷ್ಟಪಟ್ಟು ಸಮಾನರಾಗಿ ಮಾಡುವ ಸೇವೆಯನ್ನಾಗಿ ಬದಲಿಸಬಹುದೇ ಎಂಬ ಪ್ರಶ್ನೆಯೇ ನನ್ನನ್ನು ಸಮಿತಿಗೆ ಕರೆತಂದದ್ದು. ನಮ್ಮ ಮನೆಯವರೇ ಹಲವರು ಇದನ್ನು ವಿರೋಧಿಸಿದರು. ಮೂರು ತಲೆಮಾರು ಕಷ್ಟಪಟ್ಟು ಬಿಟ್ಟುಬಂದ ಸನಿಕೆಯನ್ನು ಮತ್ತೆ ಯಾಕೆ ಹಿಡಿಯುತ್ತೀಯ ಎಂದು ಚಿಕ್ಕಪ್ಪ ಕೇಳಿದ ಪ್ರಶ್ನೆಗೆ ನನ್ನಲ್ಲಿ ತಕ್ಷಣದ ಉತ್ತರವಿರಲಿಲ್ಲ. ಅವರು ಹಾಗೆ ಕೇಳಿದ್ದರಿಂದಲೇ ಸಮಿತಿಯ ಮೊದಲ ನಿಯಮವನ್ನು ಬರೆದುಕೊಂಡೆವು: ಅಧ್ಯಕ್ಷರಿಂದ ಹಿಡಿದು ಎಲ್ಲರೂ ಮಣ್ಣು ಹೊರಬೇಕು, ಎಲ್ಲರೂ ಒಟ್ಟಿಗೆ ಕುಳಿತು ಊಟ ಮಾಡಬೇಕು, ಯಾವ ಕೆಲಸವೂ ಯಾವ ಕೇರಿಗೂ ಮೀಸಲಲ್ಲ. ಚಿಕ್ಕಪ್ಪನವರಿಗೆ ಈ ಕಾರಣಕ್ಕೆ ವಿಶೇಷ ಕೃತಜ್ಞತೆ.

ಕೆರೆ ಹೇಗೆ ಹಾಳಾಯಿತೆಂಬುದು ಜಿಲ್ಲೆಯ ಎಲ್ಲ ಊರುಗಳಿಗೂ ಗೊತ್ತಿರುವ ಕಥೆಯೇ ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಕೊಳವೆಬಾವಿಗಳು ಬಂದ ಮೇಲೆ ತೂಬಿನ ಅಗತ್ಯ ಯಾರಿಗೂ ಕಾಣಲಿಲ್ಲ. ಅವು ಸಾವಿರ ಅಡಿ ದಾಟಿ ಬತ್ತುವ ಹೊತ್ತಿಗೆ ಕೆರೆಯಂಗಳದ ತುಂಬ ಸೀಮೆಜಾಲಿ, ಮೇಲಿನ ಜಲಾನಯನದ ತುಂಬ ನೀಲಗಿರಿ. ನೀಲಗಿರಿ ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತಾದರೂ, ಇದ್ದ ಮರಗಳು ಇದ್ದಲ್ಲೇ ಇದ್ದವು. ಕೆರೆಗೆ ನೀರು ತರುವ ರಾಜಕಾಲುವೆಗಳು ಅಲ್ಲಲ್ಲಿ ಹೊಲಗಳೊಳಗೆ ಕರಗಿಹೋಗಿದ್ದವು.

ಹೂಳು ತೆಗೆಯುವುದಕ್ಕಿಂತ ಮೊದಲು ರಾಜಕಾಲುವೆಯನ್ನು ಬಿಡಿಸಬೇಕೆಂದು ಹಟ ಹಿಡಿದವರು ನಮ್ಮ ಸಮಿತಿಯ ಹಿರಿಯ ರೈತರು. ಜೆಸಿಬಿ ತಂದು ಕೆರೆಯಂಗಳ ಅಗೆದರೆ ಫೋಟೋ ಚೆನ್ನಾಗಿ ಬರುತ್ತದೆ, ನೀರು ಬರುವುದಿಲ್ಲ ಎಂದು ಅವರು ಹೇಳಿದ್ದು ನೂರಕ್ಕೆ ನೂರು ಸರಿಯಾಗಿತ್ತು. ಹಳೆಯ ಗ್ರಾಮ ನಕ್ಷೆಯನ್ನು ಹಿಡಿದು ಬಿಸಿಲಿನಲ್ಲಿ ನಮ್ಮೊಂದಿಗೆ ಪೊದೆಪೊದೆ ನುಗ್ಗಿ ಕಾಲುವೆಯ ಎರಡೂ ಬದಿಗೆ ಗುರುತು ಹಾಕಿಕೊಟ್ಟ ಸರ್ವೆಯವರಿಗೆ ಊರು ಋಣಿಯಾಗಿದೆ. ಅದಕ್ಕಿಂತ ಹೆಚ್ಚು ಋಣ ಕಾಲುವೆಯ ಜಾಗವನ್ನು ತಾವಾಗಿಯೇ ಬಿಟ್ಟುಕೊಟ್ಟ ಕುಟುಂಬಗಳಿಗೆ ಸಲ್ಲಬೇಕು. ಒಬ್ಬರಂತೂ ಕಾಯಿ ಬಿಟ್ಟ ಟೊಮೆಟೊ ಸಾಲುಗಳನ್ನು ಕಿತ್ತು ದಾರಿ ಮಾಡಿಕೊಟ್ಟರು. ಕೋಲಾರದ ಮಾರುಕಟ್ಟೆಯಲ್ಲಿ ಆ ವಾರ ಟೊಮೆಟೊ ಬಾಕ್ಸಿಗೆ ಒಳ್ಳೆಯ ಬೆಲೆಯಿತ್ತೆಂಬುದನ್ನು ಬಲ್ಲವರಿಗೆ ಈ ತ್ಯಾಗದ ಅಳತೆ ಸಿಗುತ್ತದೆ. ಗುರುತಿನ ಕಲ್ಲುಗಳನ್ನು ರಾತ್ರಿ ಕಿತ್ತು ಹಾಕಿದವರೂ ಇದ್ದರು; ಅವರೊಂದಿಗೆ ಜಗಳಕ್ಕೆ ನಿಲ್ಲದೆ, ಮರುದಿನವೇ ಹೋಗಿ ಮಾತಿಲ್ಲದೆ ಕಲ್ಲು ನೆಟ್ಟು ಬಂದ ಯುವಕರ ತಾಳ್ಮೆಯನ್ನು ನಾನು ಮರೆಯಲಾರೆ.

ಉದ್ಯೋಗ ಖಾತರಿ ಯೋಜನೆಯಲ್ಲಿ ಗುತ್ತಿಗೆದಾರರಿಗೆ ಅವಕಾಶವಿರಲಿಲ್ಲ. ಕಾಲುವೆಯ ಕೆಲಸವನ್ನು ಆ ಯೋಜನೆಯಡಿ ಕೈಯಿಂದಲೇ ಮಾಡಿದವರಲ್ಲಿ ಹೆಚ್ಚಿನವರು ನಮ್ಮೂರಿನ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು. ಹಾಜರಿ ಪಟ್ಟಿಯಲ್ಲಿ ಕೆಲಸ ಮಾಡದವರ ಹೆಸರು ನುಸುಳದಂತೆ ನೋಡಿಕೊಂಡವರೂ ಅವರೇ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಊರಿಗೆ ಮರಳಿದ ಹುಡುಗ ಹುಡುಗಿಯರು ಸೇರಿಕೊಂಡ ಮೇಲೆ ಕೆಲಸದ ಚಹರೆಯೇ ಬದಲಾಯಿತು. ಗಾರ್ಮೆಂಟ್ಸಿನಲ್ಲಿ, ಆಟೋ ಓಡಿಸುವುದರಲ್ಲಿ, ಕಂಪ್ಯೂಟರಿನ ಮುಂದೆ ದುಡಿದ ಆ ಮಕ್ಕಳು ಕೆಲಸ ಹೋದ ಚಿಂತೆಯಲ್ಲಿದ್ದಾಗಲೂ ಬೆಳಗಿನ ಹೊತ್ತು ಜಾಲಿಯ ಬುಡ ಕೀಳಲು ಬಂದರು, ಅಂಗೈಯ ಬೊಬ್ಬೆಗಳನ್ನು ಪರಸ್ಪರ ತೋರಿಸಿಕೊಂಡು ನಕ್ಕರು. ಹೂಳನ್ನು ತಮ್ಮ ಸ್ವಂತ ಡೀಸೆಲ್ ಸುಟ್ಟು ಹಿಪ್ಪುನೇರಳೆ ತೋಟಗಳಿಗೆ, ರಾಗಿ ಹೊಲಗಳಿಗೆ ಸಾಗಿಸಿಕೊಂಡ ಟ್ರ್ಯಾಕ್ಟರಿನವರಿಗೂ ವಂದನೆಗಳು. ಇಟ್ಟಿಗೆ ಗೂಡಿನವರು ಹೆಚ್ಚು ಹಣ ಕೊಡುತ್ತೇವೆಂದು ಬಂದಾಗ, ಗೋಡುಮಣ್ಣು ಹೊಲಕ್ಕೇ ಹೋಗಬೇಕೆಂಬ ಸಮಿತಿಯ ನಿರ್ಧಾರಕ್ಕೆ ಇಡೀ ಊರು ಅಂಟಿಕೊಂಡದ್ದು ನನಗೆ ಹೆಮ್ಮೆಯ ಸಂಗತಿ.

ನಮ್ಮ ಕೋಡಿಯ ನೀರು ಕುಡಿಯುವ ಕೆಳಗಿನ ಊರಿನವರನ್ನು ಬಿಟ್ಟರೆ ಈ ಬರಹ ಪೂರ್ಣವಾಗದು. ಅದು ಅಜ್ಜಿಯ ತವರು, ಅಲ್ಲಿನ ಕೆರೆಗೆ ಅವಳ ಅಣ್ಣ ನೀರುಗಂಟಿ. ಮೇಲಿನ ಕೆರೆಯಲ್ಲಿ ಕೋಡಿಗೆ ಕಲ್ಲು ಪೇರಿಸಿ ನೀರು ನಿಲ್ಲಿಸಿಕೊಂಡರೆ ಕೆಳಗಿನವರ ಕೆರೆ ಬರಿದಾಗುತ್ತದೆ. ಅಂಥ ವರ್ಷಗಳಲ್ಲಿ ಅಣ್ಣ ಬಂದು ಭಾವನ ಜೊತೆ ಅಂಗಳದಲ್ಲಿ ಕುಳಿತು ಮಾತನಾಡಿ ಎರಡೂರಿಗೆ ಒಪ್ಪುವ ದಾರಿ ಹುಡುಕುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದಳು. ಆ ನೆನಪಿನ ಬಲದ ಮೇಲೆ ನಾನು ಅಲ್ಲಿಗೆ ಹೋಗಿ, ನಮ್ಮ ಕೋಡಿಯ ಎತ್ತರವನ್ನು ಏರಿಸುವುದಿಲ್ಲವೆಂದು ಅವರ ಪಂಚಾಯಿತಿಯ ಮುಂದೆ ಹೇಳಿ, ಏರಿಯ ದುರಸ್ತಿಗೆ ಆಳು ಕೇಳಿದೆ. ಅವರು ಊಟ ಕಟ್ಟಿಕೊಂಡು ಬಂದು ನಮಗಿಂತ ಹೆಚ್ಚು ಮಣ್ಣು ಹೊತ್ತರು. 2021ರ ನವೆಂಬರಿನಲ್ಲಿ ಜಿಲ್ಲೆಯಲ್ಲೆಲ್ಲ ಸುರಿದ ಭಾರಿ ಮಳೆಗೆ ನಮ್ಮ ಕೆರೆಯ ಕೋಡಿ ಹರಿದಾಗ ತಂಬಿಟ್ಟಿನ ದೀಪ ಹೊತ್ತು ಗಂಗಮ್ಮನ ಪೂಜೆಗೆ ಎರಡೂ ಊರಿನ ಹೆಣ್ಣುಮಕ್ಕಳು ಒಟ್ಟಿಗೆ ಬಂದರು. ಅಂಥ ಮಳೆಗೆ ಹೂಳು ತುಂಬಿದ ಕೆರೆಯೂ ಕೋಡಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ವಾದಿಸುವುದಿಲ್ಲ. ಮುಂದಿನ ಬೇಸಿಗೆಯಲ್ಲೂ ಕೆರೆಯಲ್ಲಿ ನೀರು ನಿಂತದ್ದನ್ನು ಮತ್ತು ಏರಿ ಎಲ್ಲೂ ಜಿನುಗದೆ ಹೋದದ್ದನ್ನು ಮಾತ್ರ ನಮ್ಮ ಜನರ ದುಡಿಮೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತೇನೆ.

ಹೊಸ ಅಧ್ಯಕ್ಷೆ, ಅಜ್ಜಿ ಆಯದ ಭತ್ತಕ್ಕಾಗಿ ಹೊರಗೆ ನಿಂತು ಕಾಯುತ್ತಿದ್ದ ಮನೆಗಳಲ್ಲಿ ಒಂದರ ಸೊಸೆ. ಅವರ ಹೆಸರನ್ನು ಸೂಚಿಸಿದವಳು ನಾನು, ಅನುಮೋದಿಸಿದವರು ಚಿಕ್ಕಪ್ಪ. ಕೆಲಸ ಬಲ್ಲವರು, ಲೆಕ್ಕದಲ್ಲಿ ನನಗಿಂತ ಚುರುಕು, ಸಿಟ್ಟು ಬಂದರೆ ನನ್ನಷ್ಟು ಬೇಗ ಮರೆಯುವುದಿಲ್ಲ ಎಂಬುದೊಂದೇ ನನ್ನ ಆತಂಕ. ಹೊಣೆ ವಹಿಸಿಕೊಳ್ಳಲು ಒಪ್ಪಿದ್ದಕ್ಕಾಗಿ ಅವರಿಗೆ ಹೃತ್ಪೂರ್ವಕ ಧನ್ಯವಾದಗಳು. ಸಮಿತಿಯ ಜಮಾ ಖರ್ಚಿನ ಪುಸ್ತಕ, ಸರ್ವೆ ನಕ್ಷೆಯ ಪ್ರತಿ ಮತ್ತು ಸಭೆಯ ನಡಾವಳಿಗಳನ್ನು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಇಟ್ಟಿದ್ದೇವೆ, ಯಾರು ಬೇಕಾದರೂ ನೋಡಬಹುದು. ರಾಜಕಾಲುವೆಯ ಮೇಲ್ಭಾಗದಲ್ಲಿ ಜಾಲಿ ಮತ್ತೆ ಚಿಗುರಿದೆ. ಮುಂಗಾರಿಗೆ ಮೊದಲು ಅದನ್ನು ಕೀಳಲು ಬರುವವರ ಪಟ್ಟಿಯನ್ನು ಅವರು ಈಗಾಗಲೇ ಬರೆಯುತ್ತಿದ್ದಾರೆ, ಅದರಲ್ಲಿ ನನ್ನ ಹೆಸರನ್ನೂ ಸೇರಿಸಿಕೊಳ್ಳಬೇಕೆಂದು ಕೋರಿದ್ದೇನೆ.