ಅಣ್ಣನ ಫೈಲು ಮತ್ತು ನೀನು

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು, "ಓದು ಬಿಟ್ಟು ಬಂದುಬಿಡ್ತೀನಮ್ಮ, ಅಣ್ಣನ ಕೇಸಿಗೆ ನೀನೊಬ್ಬಳೇ ಎಷ್ಟು ಅಂತ ಓಡಾಡ್ತೀಯ" ಅಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಊಟ ಆಯ್ತಾ ಅಂತ ಕೇಳಿ ಮಾತು ತಿರುಗಿಸಿದೆ. ಅದಕ್ಕೇ ಈ ಪತ್ರ.

ಕೊಲೆ ಕೇಸಿನಲ್ಲಿ ಅಣ್ಣ ಜೈಲು ಸೇರಿದ ಈ ನಾಲ್ಕು ವರ್ಷದಲ್ಲಿ ನಿದ್ದೆ ಬಾರದ ರಾತ್ರಿಗಳಲ್ಲಿ ನಮ್ಮಂಥ ಮನೆಯವರ ಕಥೆಗಳನ್ನೇ ಹುಡುಕಿ ಓದಿದ್ದೇನೆ. ಇಂಗ್ಲೆಂಡಿನ ಡೆರೆಕ್ ಬೆಂಟ್ಲಿ ಎಂಬ ಹುಡುಗನದು ಮನಸ್ಸಿನಿಂದ ಹೋಗುವುದೇ ಇಲ್ಲ. 19 ವರ್ಷ. 1952ರಲ್ಲಿ 16ರ ಗೆಳೆಯನ ಜೊತೆ ಕಳ್ಳತನಕ್ಕೆ ಹೋಗಿ ಸಿಕ್ಕಿಬಿದ್ದ. ಗೆಳೆಯ ಹಾರಿಸಿದ ಗುಂಡಿಗೆ ಒಬ್ಬ ಪೊಲೀಸ್ ಸತ್ತ. ಡೆರೆಕ್ ಅಷ್ಟು ಹೊತ್ತಿಗಾಗಲೇ ಪೊಲೀಸರ ಹಿಡಿತದಲ್ಲಿದ್ದ. ಗುಂಡು ಹಾರಿಸಿದವನಿಗೆ ವಯಸ್ಸು ಸಾಲದು, ಗಲ್ಲಿಗೆ ಹಾಕುವಂತಿಲ್ಲ. ಹಾಕಿದ್ದು ಜೊತೆಯಲ್ಲಿದ್ದ ಡೆರೆಕ್‌ನನ್ನು. 1953ರ ಜನವರಿ 28.

ಅವನ ಒಡಹುಟ್ಟಿದ ಐರಿಸ್ ಅವತ್ತಿನಿಂದ ಬಾಗಿಲು ಬಾಗಿಲು ತಟ್ಟಿದಳು. 1997ರಲ್ಲಿ ಅವಳೂ ತೀರಿಕೊಂಡಳು. ಮರುವರ್ಷ, 1998ರ ಜುಲೈನಲ್ಲಿ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಅದನ್ನು ಕೇಳಲು ಉಳಿದಿದ್ದವಳು ಐರಿಸ್‌ಳ ಮಗಳು ಮರಿಯಾ. ಸೋದರಮಾವನ ಮುಖವನ್ನೇ ಕಾಣದವಳು. ಅಮ್ಮನ ಕೈಯಿಂದ ಹೋರಾಟವನ್ನು ತೆಗೆದುಕೊಂಡು ಮುಂದುವರಿಸಿದಳು.

ಈ ಕಥೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಮಾತ್ರ ಓದಿ ಹೆದರಿಕೆಯಾಯಿತು ಕಣೇ. ಮನೆ, ಒಡವೆ ಆದರೆ ಮಗಳಿಗೆ ಬಿಟ್ಟು ಹೋಗಬಹುದು. ಕೋರ್ಟಿನ ಕಾಗದದ ಗಂಟನ್ನು ಯಾರಾದರೂ ಬಿಟ್ಟು ಹೋಗುತ್ತಾರಾ? ನೀನು ಮರಿಯಾ ಆಗುವುದು ನನಗೆ ಬೇಡ.

ಹಾಗಂತ ನಿನ್ನನ್ನು ದೂರ ಇಡುತ್ತಿಲ್ಲ. ನಮ್ಮ ಕೆಲಸ ಹೇಗೆ ನಡೆಯುತ್ತದೆ ಅಂತ ನಿನಗೆ ಗೊತ್ತಿಲ್ಲ, ಅಷ್ಟೇ. ನೀನು ಮೆರವಣಿಗೆ, ಮೈಕು, ಘೋಷಣೆ ಅಂದುಕೊಂಡಿದ್ದೀಯ. ಅದು ವರ್ಷಕ್ಕೆ ಒಂದೋ ಎರಡೋ ದಿನ. ಉಳಿದದ್ದೆಲ್ಲ ಕಾಗದ. ತೀರ್ಪಿನ ನಕಲಿಗೆ ಅರ್ಜಿ ಹಾಕುವುದು, ಸಿಗದಿದ್ದರೆ ಮತ್ತೆ ಹಾಕುವುದು. ಸಾಕ್ಷಿಗಳ ಹೇಳಿಕೆಯನ್ನು ಪೆನ್ಸಿಲ್ ಹಿಡಿದು ಓದುವುದು. ಜೆರಾಕ್ಸ್ ಮೇಲೆ ಮಾತ್ರ ಗುರುತು ಹಾಕುವುದು, ಮೂಲ ಪ್ರತಿಯನ್ನು ಮುಟ್ಟದೇ ಇಡುವುದು.

ಕಾಗದದ ಬಗ್ಗೆ ನನಗೆ ಯಾಕಿಷ್ಟು ಹುಚ್ಚು ಅಂತ ನಗಬೇಡ. ಇಂಗ್ಲೆಂಡಿನವಳೇ ಆದ ಆನ್ ವೀಲನ್ ಎಂಬ ತಾಯಿಯ ವಿಷಯ ಕೇಳು. ಪೇಪರ್ ಹಾಕುವ 13 ವರ್ಷದ ಹುಡುಗನ ಕೊಲೆ ಕೇಸಿನಲ್ಲಿ 1979ರಲ್ಲಿ ಅವಳ ಮಗನೂ ಸೇರಿ ನಾಲ್ವರಿಗೆ ಶಿಕ್ಷೆಯಾಯಿತು. ಆಧಾರ, ಅವರಲ್ಲೊಬ್ಬ ಕೊಟ್ಟ ತಪ್ಪೊಪ್ಪಿಗೆ. ಇನ್ನೊಬ್ಬ ಆಗಲೇ ಒಪ್ಪಿಕೊಂಡಿದ್ದಾನೆ ಅಂತ ಒಂದು ಸುಳ್ಳು ಹೇಳಿಕೆ ತೋರಿಸಿ ಅವನಿಂದ ಅದನ್ನು ಬರೆಸಿಕೊಂಡಿದ್ದರು. ಆ ಸುಳ್ಳು ಹೇಳಿಕೆ ಕೋರ್ಟಿಗೆ ಬರಲೇ ಇಲ್ಲ. ಆದರೆ ಅದನ್ನು ಬರೆಯುವಾಗ ಪೆನ್ನು ಒತ್ತಿದ ಗುರುತು ತಪ್ಪೊಪ್ಪಿಗೆಯ ಹಾಳೆಯ ಮೇಲೆ ಮೂಡಿತ್ತು. ಕಣ್ಣಿಗೆ ಕಾಣದ್ದು ಪರೀಕ್ಷೆಯಲ್ಲಿ ಕಂಡಿತು. ಆ ಹಾಳೆ ಅಷ್ಟೂ ವರ್ಷ ಫೈಲಿನಲ್ಲೇ ಇತ್ತು ನೋಡು! 1997ರ ಫೆಬ್ರವರಿಯಲ್ಲಿ ಮೂವರು ಹೊರಬಂದರು. ತಪ್ಪೊಪ್ಪಿಗೆ ಬರೆದುಕೊಟ್ಟವನು 1981ರಲ್ಲೇ ಜೈಲಿನಲ್ಲಿ ಸತ್ತಿದ್ದ.

ಆ ತಾಯಿ ಅಷ್ಟು ವರ್ಷ ಸುಮ್ಮನೆ ಕೂತಿದ್ದರೆ ಆ ಹಾಳೆಯನ್ನು ಯಾರೂ ತೆಗೆದು ನೋಡುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಇನ್ನೊಂದು ಮಾತು. ಕರಪತ್ರಕ್ಕೆ ನೀನು ಬರೆದು ಕಳಿಸಿದ್ದು ಓದಿದೆ. ಚೆನ್ನಾಗಿದೆ, ಆದರೆ ಅದರಲ್ಲಿ ಅಣ್ಣ ಆ ಜಾಗದಲ್ಲಿ ಇದ್ದ ಅನ್ನುವುದೇ ಇಲ್ಲ. ಇದ್ದ ಮಗಳೇ. ಗಲಾಟೆ ನೋಡಿಯೂ ನಿಂತಿದ್ದ. ಕೈ ಎತ್ತಲಿಲ್ಲ, ಚಾಕು ಇದ್ದದ್ದು ಅವನಿಗೆ ಗೊತ್ತಿರಲಿಲ್ಲ, ಅದೇ ನಮ್ಮ ವಾದ. ಇದ್ದದ್ದನ್ನು ನಾವೇ ಮೊದಲು ಹೇಳಬೇಕು. ಬೇರೆಯವರು ಹೇಳಿದರೆ ನಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. ಮತ್ತೆ, ಸತ್ತ ಹುಡುಗನ ಬಗ್ಗೆ ಬರೆದ ಆ ಎರಡು ಸಾಲು ತೆಗೆದುಬಿಡು. ಅವನ ತಾಯಿಯನ್ನು ಕೋರ್ಟಿನ ಮೆಟ್ಟಿಲಲ್ಲಿ ನೋಡಿದ್ದೇನೆ. ಅವನು ಸತ್ತ ದಿನ ನಾವು ಸಹಿ ಸಂಗ್ರಹ ಮಾಡುವುದಿಲ್ಲ, ಸಭೆಯನ್ನೂ ಇಟ್ಟುಕೊಳ್ಳುವುದಿಲ್ಲ. ಇದನ್ನು ನಮ್ಮವರಲ್ಲೇ ಕೆಲವರು ಒಪ್ಪಲಿಲ್ಲ. ನಾನು ಬಿಡಲಿಲ್ಲ.

ಬೇಗ ಮುಗಿಯುತ್ತದೆ ಅಂತಲೂ ಹೇಳಲಾರೆ. ಜೊತೆಯಲ್ಲಿದ್ದ ತಪ್ಪಿಗೆ ಕೊಲೆಗಾರರಾದವರ ಮನೆಯವರು ಬ್ರಿಟನ್ನಿನಲ್ಲಿ 2010ರಲ್ಲಿ ಜೆಂಗ್ಬಾ ಅಂತ ಒಂದು ಸಂಘ ಕಟ್ಟಿದರು. 2016ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, 1984ರಿಂದ ಜೊತೆಯಲ್ಲಿದ್ದವರನ್ನೂ ಕೊಲೆಗಾರರೆನ್ನುವ ಈ ಕಾನೂನು ದಾರಿ ತಪ್ಪಿತ್ತು ಅಂತ ತಾನೇ ಒಪ್ಪಿಕೊಂಡಿತು. ಇನ್ನೇನು ಮಕ್ಕಳು ಬಂದೇಬಿಡುತ್ತಾರೆ ಅಂತ ಎಷ್ಟು ಮನೆಗಳಲ್ಲಿ ಅಂದುಕೊಂಡರೋ. ಆದರೆ ಹಳೇ ಕೇಸಿನವರು ತಮಗೆ ದೊಡ್ಡ ಅನ್ಯಾಯವೇ ಆಗಿದೆ ಅಂತ ಮೊದಲು ತೋರಿಸಬೇಕು ಅಂತ ಶರತ್ತು ಬಂತು. ಹೊರಬಂದವರು ತೀರಾ ಕಮ್ಮಿ. ಕಾನೂನು ಬದಲಾಗುವುದೇ ಬೇರೆ, ಹುಡುಗ ಮನೆಗೆ ಬರುವುದೇ ಬೇರೆ.

ಅದಕ್ಕೇ ಹೇಳುವುದು, ಓದು ಬಿಡಬೇಡ. ರಜೆಗೆ ಬಂದಾಗ ನಿನಗೊಂದು ಕೆಲಸ ಇಟ್ಟಿದ್ದೇನೆ. ಮೂರನೇ ಸಾಕ್ಷಿ ಪೊಲೀಸರ ಮುಂದೆ ಹೇಳಿದ ಹೊತ್ತಿಗೂ ಕೋರ್ಟಿನಲ್ಲಿ ಹೇಳಿದ ಹೊತ್ತಿಗೂ ತಾಳೆಯಾಗುತ್ತಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಟೈಪ್ ಮಾಡಿಕೊಡು. ಹೊಸ ವಕೀಲರು ಕೇಳಿದ್ದಾರೆ. ನನ್ನ ಅಕ್ಷರ ಅವರಿಗೆ ಓದಲು ಬರಲ್ವಂತೆ.

ಹೋದ ಭೇಟಿಯಲ್ಲಿ ಅಣ್ಣ ತನ್ನ ಕೇಸಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನಿನ್ನ ಪರೀಕ್ಷೆ ಯಾವತ್ತು ಅಂತ ಎರಡು ಸಲ ಕೇಳಿದ. ನನಗೆ ಗೊತ್ತಿರಲಿಲ್ಲ. ತಾರೀಕು ಬರೆದು ಕಳಿಸು, ಮುಂದಿನ ಭೇಟಿಯಲ್ಲಿ ಹೇಳಬೇಕು.

ನಿನ್ನ,
ಅಮ್ಮ