ಪಟ್ಟು ಮರೆತ ಟಿ.ವಿ. ಕುಸ್ತಿ

ಮಾನ್ಯರೇ,

ಖಾಸಗಿ ವಾಹಿನಿಯೊಂದರ ವೃತ್ತಿಪರ ಕುಸ್ತಿ ಕಾರ್ಯಕ್ರಮವನ್ನು ಮಳೆಗಾಲದ ಸಂಜೆಗಳಲ್ಲಿ ನಮ್ಮ ಮನೆಯವರೆಲ್ಲ ಕೂಡಿ ನೋಡುತ್ತೇವೆ. ಸೋಲು ಗೆಲುವು ಮೊದಲೇ ನಿಗದಿಯಾಗಿರುತ್ತದೆ ಎಂಬುದು ಗೊತ್ತು. ಅದಕ್ಕೆ ನನ್ನ ತಕರಾರಿಲ್ಲ. ಮೈಯಿಂದಲೇ ಕಥೆ ಹೇಳುವ ಕಲೆ ಅದು. ಆದರೆ ಇತ್ತೀಚೆಗೆ ಕಥೆಯೇ ಕಾಣುತ್ತಿಲ್ಲ. ಗಂಟೆ ಬಾರಿಸಿ ನಿಮಿಷ ಕಳೆಯುವುದರೊಳಗೆ ಕಬ್ಬಿಣದ ಕುರ್ಚಿ, ಏಣಿ, ಮೇಜು ಅಖಾಡಕ್ಕೆ ಬಂದುಬಿಡುತ್ತವೆ. ಪಟ್ಟಿಗೆ ಮರುಪಟ್ಟು ಹಾಕಿ, ಬಿದ್ದವನು ಮೆಲ್ಲಗೆ ಎದ್ದು ತಿರುಗಿಬೀಳುವ ಆ ಹದ ಮಾಯವಾಗಿದೆ. ಐದು ನಿಮಿಷ ಹೊಡೆದಾಟ, ಹದಿನೈದು ನಿಮಿಷ ಮೈಕ್ ಹಿಡಿದು ಬೈದಾಟ!

ಮೈಸೂರು ದಸರೆಯ ವಜ್ರಮುಷ್ಟಿ ಕಾಳಗ ಎಷ್ಟೇ ಉಗ್ರವಾಗಿರಲಿ, ಜಟ್ಟಿಯ ತಲೆಯಲ್ಲಿ ರಕ್ತ ಕಂಡೊಡನೆ ನಿಲ್ಲುತ್ತದೆ. ಇಲ್ಲಿ ರಕ್ತ ಕಂಡ ಮೇಲೂ ಹೊಡೆತ ಮುಂದುವರಿಯುತ್ತದೆ, ಕ್ಯಾಮೆರಾ ಗಾಯದ ಹತ್ತಿರಕ್ಕೇ ಹೋಗುತ್ತದೆ. ಇಂಥದೇ ಕುಸ್ತಿ ನಡೆಸುವ ಅಮೆರಿಕದ ಡಬ್ಲ್ಯೂಡಬ್ಲ್ಯೂಇ ಸಂಸ್ಥೆಯೇ ಕುರ್ಚಿಯಿಂದ ತಲೆಗೆ ಹೊಡೆಯುವುದನ್ನು 2010ರಲ್ಲಿ ನಿಷೇಧಿಸಿತು. ಮಿದುಳಿಗೆ ಪದೇ ಪದೇ ಬೀಳುವ ಪೆಟ್ಟು ನಟನೆಯಲ್ಲ.

ಕಳೆದ ವಾರ ನನ್ನ ಒಂಬತ್ತು ವರ್ಷದ ಮಗ ಕಾಫಿ ಕಣದಲ್ಲಿ ತಂಗಿಯನ್ನು ತಲೆಕೆಳಗಾಗಿ ಎತ್ತಿಕೊಂಡಿದ್ದ. ಸಿಮೆಂಟ್ ನೆಲ. ಓಡಿಹೋಗಿ ಹಿಡಿದೆ, ಆ ನಡುಕ ಇನ್ನೂ ಹೋಗಿಲ್ಲ.

ನಿರ್ಮಾಪಕರು ವಾರಕ್ಕೊಂದು ಪಂದ್ಯಕ್ಕಾದರೂ ಇಪ್ಪತ್ತು ನಿಮಿಷ ಕೊಡಲಿ. ತಲೆಗೆ ಹೊಡೆಯುವ ದೃಶ್ಯಗಳನ್ನು ಪೂರ್ತಿಯಾಗಿ ಕೈಬಿಡಲಿ.

– ಓದುಗರೊಬ್ಬರು, ಸೋಮವಾರಪೇಟೆ, ಕೊಡಗು