ನಲವತ್ತು ವಾರ ಬಿಡದೆ ಪ್ರಶ್ನೆ ಕೇಳಿದವರಿಗೆ

ಕಳೆದ ಭಾನುವಾರ ನಮ್ಮ ನಲವತ್ತನೇ ಆನ್‌ಲೈನ್ ಪಾಠ ಮುಗಿಯಿತು. ಖಭೌತ ವಿಜ್ಞಾನ (ನಕ್ಷತ್ರಗಳ ಭೌತಶಾಸ್ತ್ರ), ವಿಶ್ವವಿಜ್ಞಾನ (ಇಡೀ ವಿಶ್ವದ ಹುಟ್ಟು, ಬೆಳವಣಿಗೆಯ ಅಧ್ಯಯನ) ಅಂದ್ರೆ ಏನೂ ಗೊತ್ತಿಲ್ಲದವರಿಗೆ ಅಂತಲೇ ಶುರು ಮಾಡಿದ್ದು. ಲ್ಯಾಪ್‌ಟಾಪ್ ಮುಚ್ಚಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಕೊನೆಯಲ್ಲಿ ಎಲ್ಲರಿಗೂ ಥ್ಯಾಂಕ್ಸ್ ಹೇಳಬೇಕು ಅಂದುಕೊಂಡಿದ್ದೆ, ಆದರೆ ಗಂಟಲು ಕಟ್ಟಿಬಿಟ್ಟಿತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವಾರ ಅರವತ್ತು ಜನ ಇದ್ದಿರಿ. ಹನ್ನೊಂದನೇ ವಾರಕ್ಕೆ ಉಳಿದದ್ದು ಒಂಬತ್ತು. ತಪ್ಪು ನನ್ನದೇ, ಎರಡನೇ ಪಾಠಕ್ಕೇ ಸಮೀಕರಣ ಬರೆಯೋಕೆ ಶುರು ಮಾಡಿದರೆ ಯಾರು ತಾನೆ ಕೂರುತ್ತಾರೆ? ಇನ್ನು ಸಾಕು, ನಿಲ್ಲಿಸೋಣ ಅಂತ ಮೆಸೇಜ್ ಕೂಡ ಟೈಪ್ ಮಾಡಿಟ್ಟಿದ್ದೆ. ಅದನ್ನು ಕಳಿಸುವ ಮೊದಲು ನಿಮ್ಮಲ್ಲೊಬ್ಬರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಕೇಳಿದರು: “ಸರ್, ಅಲ್ಲಿಗೆ ಯಾರೂ ಹೋಗಿಲ್ಲ. ನಕ್ಷತ್ರದಲ್ಲಿ ಏನಿದೆ ಅಂತ ಹೇಗೆ ಹೇಳ್ತೀರಿ?”

“ರೋಹಿತದಿಂದ” ಅಂತ ಒಂದೇ ಪದದಲ್ಲಿ ಉತ್ತರ ಕೊಟ್ಟೆ. ಯಾರೂ ಏನೂ ಮಾತಾಡಲಿಲ್ಲ. ಆ ಮೌನಕ್ಕೆ ನಾನು ಋಣಿ.

ಮುಂದಿನ ಎರಡು ವಾರ ಪೂರ್ತಿ ಅದೇ ಒಂದು ಪ್ರಶ್ನೆ. ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಸಿಗೋದೇ ರೋಹಿತ, ಅದರ ನಡುವೆ ಕಪ್ಪು ಗೆರೆಗಳು ಕಾಣುತ್ತವೆ, ಒಂದೊಂದು ಧಾತುವಿಗೂ ಅದರದೇ ಗೆರೆಗಳು. 1868ರಲ್ಲಿ ಸೂರ್ಯನ ಬೆಳಕಿನಲ್ಲಿ ಆಗ ಗೊತ್ತಿದ್ದ ಯಾವ ಧಾತುವಿಗೂ ಹೊಂದದ, ಹೊಳೆಯುವ ಒಂದು ಹಳದಿ ಗೆರೆ ಸಿಕ್ಕಿತು, ಅದೇ ಹೀಲಿಯಂ. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ. ಗೆರೆ ಎಷ್ಟು ಗಾಢವಾಗಿರುತ್ತೆ ಅನ್ನೋದು ಧಾತು ಎಷ್ಟಿದೆ ಅನ್ನೋದರ ಜೊತೆಗೆ ಬಿಸಿಯ ಮೇಲೂ ನಿಂತಿದೆ ಅಂತ 1920ರಲ್ಲಿ ನಮ್ಮ ದೇಶದ ಭೌತವಿಜ್ಞಾನಿ ಮೇಘನಾದ ಸಹಾ ಲೆಕ್ಕ ಹಾಕಿ ತೋರಿಸಿದರು. ಅದೇ ಲೆಕ್ಕ ಹಿಡಿದು 1925ರಲ್ಲಿ ಖಗೋಳ ವಿಜ್ಞಾನಿ ಸಿಸಿಲಿಯಾ ಪೇಯ್ನ್ ನಕ್ಷತ್ರಗಳಲ್ಲಿ ಇರುವುದು ಬಹುಪಾಲು ಹೈಡ್ರೋಜನ್, ಆಮೇಲೆ ಹೀಲಿಯಂ ಅನ್ನುವಲ್ಲಿಗೆ ಬಂದರು. ಹಿರಿಯ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಒಪ್ಪಲಿಲ್ಲ. ಆಕೆ ತನ್ನದೇ ಪ್ರಬಂಧದಲ್ಲಿ ಈ ಉತ್ತರ ನಿಜವಿರಲಾರದು ಅಂತ ಬರೆಯಬೇಕಾಯಿತು. ನಾಲ್ಕು ವರ್ಷದ ಮೇಲೆ ರಸೆಲ್ ಬೇರೆ ದಾರಿಯಲ್ಲಿ ಅಲ್ಲಿಗೇ ಬಂದು ನಿಂತರು! ಇದನ್ನು ಹೇಳಿದ ದಿನ ಪಾಠ ಮುಗಿದು ಮುಕ್ಕಾಲು ಗಂಟೆ ಆದರೂ ಯಾರೂ ಲಾಗ್‌ಔಟ್ ಆಗಲಿಲ್ಲ. ಟೈಪ್ ಮಾಡಿಟ್ಟಿದ್ದ ಮೆಸೇಜನ್ನು ಅವತ್ತೇ ಅಳಿಸಿದೆ.

ನನ್ನ ತಪ್ಪು ಹಿಡಿದವರಿಗೂ ಥ್ಯಾಂಕ್ಸ್. ವಿಶ್ವ ಶುರುವಾದ ಬಿಗ್ ಬ್ಯಾಂಗ್ ಅಂದ್ರೆ ಬಾಂಬ್ ಸಿಡಿದ ಹಾಗೆ ಅಂತ ಒಮ್ಮೆ ಬಾಯಿ ಜಾರಿ ಹೇಳಿದ್ದೆ. “ಹಾಗಾದ್ರೆ ಸಿಡಿದದ್ದು ಎಲ್ಲಿ? ಆ ಜಾಗ ತೋರಿಸಿ” ಅಂತ ತಕ್ಷಣ ಕೇಳಿದಿರಿ. ತೋರಿಸೋಕೆ ಜಾಗವೇ ಇಲ್ಲ. ಎಲ್ಲ ಕಡೆಯೂ ಒಟ್ಟಿಗೇ ಹಿಗ್ಗಿತು. ಆಗಿನ ಬೆಳಕಿನ ಉಳಿಕೆ ಈಗಲೂ ಆಕಾಶದ ಎಲ್ಲ ದಿಕ್ಕಿನಿಂದ ಬರುತ್ತಿದೆ, ಆಗ ತುಂಬಾ ಬಿಸಿಯಾಗಿದ್ದ ಆ ಬೆಳಕು ತಣ್ಣಗಾಗಿ ಈಗ 2.7 ಕೆಲ್ವಿನ್‌ಗೆ, ಅಂದ್ರೆ ಸುಮಾರು ಮೈನಸ್ 270 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು ರೇಡಿಯೋ ಅಲೆಯಾಗಿ ಸಿಗುತ್ತದೆ. 1964ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಅನ್ನೋ ಇಬ್ಬರು ವಿಜ್ಞಾನಿಗಳು ಅದನ್ನು ತಮ್ಮ ರೇಡಿಯೋ ಆಂಟೆನಾದ ತೊಂದರೆ ಅಂದುಕೊಂಡು ಒಳಗಿದ್ದ ಪಾರಿವಾಳದ ಹಿಕ್ಕೆಯನ್ನೆಲ್ಲ ಗುಡಿಸಿದ್ದರು ಅಂದಾಗ ನೀವು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಇನ್ನು ಒಂಬತ್ತನೇ ಕ್ಲಾಸಿನ ಆ ಹುಡುಗಿ. ವಿಶ್ವದ ವಯಸ್ಸು 1380 ಕೋಟಿ ವರ್ಷ, ಆದರೆ ನಮಗೆ ಕಾಣಬಹುದಾದ ಅಂಚು ಈಗ ಸುಮಾರು 4600 ಕೋಟಿ ಜ್ಯೋತಿರ್ವರ್ಷ (ಒಂದು ಜ್ಯೋತಿರ್ವರ್ಷ ಅಂದ್ರೆ ಬೆಳಕು ಒಂದು ವರ್ಷದಲ್ಲಿ ಹೋಗುವಷ್ಟು ದೂರ) ದೂರ ಅಂದಾಗ “ಲೆಕ್ಕ ತಪ್ಪಿದೆ” ಅಂದಳು. ನಾನು ಬಾಯಿ ತೆರೆಯುವ ಮೊದಲೇ, “ಓ, ಬೆಳಕು ಹೊರಟ ಮೇಲೂ ಆ ಜಾಗ ದೂರ ಹೋಗ್ತಾನೇ ಇತ್ತು ಅಲ್ವಾ?” ಅಂತ ತಾನೇ ಬಿಡಿಸಿದಳು. ಪುಟ್ಟೀ, ನಾನು ಅದನ್ನು ಅರ್ಥ ಮಾಡಿಕೊಂಡದ್ದು ಡಿಗ್ರಿ ಮುಗಿದ ಮೇಲೆ.

ಪ್ರತಿ ವಾರ ನೋಟ್ಸ್ ಬರೆದು ಎಲ್ಲರಿಗೂ ಕಳಿಸಿದವರಿಗೆ, “ಸ್ವಲ್ಪ ನಿಧಾನ” ಅಂತ ಬೇಸರವಿಲ್ಲದೆ ನೆನಪಿಸಿದವರಿಗೆ, ಜ್ಯೋತಿರ್ವರ್ಷ ಅನ್ನೋದು ಕಾಲವಲ್ಲ, ದೂರ ಅಂತ ಹೊಸಬರಿಗೆ ನನ್ನ ಬದಲು ಹೇಳಿಕೊಟ್ಟವರಿಗೆ ದೊಡ್ಡ ನಮಸ್ಕಾರ.

ಒಂದು ಸಾಲ ಬಾಕಿ ಇದೆ. ಕೊನೆಯ ದಿನ ಒಬ್ಬರು ಕೇಳಿದ್ದರು, “ವಿಶ್ವ ಹಿಗ್ಗುತ್ತಿದ್ದರೆ ನಾವ್ಯಾಕೆ ಹಿಗ್ಗಲ್ಲ?” ಹೊತ್ತಾಗಿತ್ತು, ಉತ್ತರ ಹೇಳಲಿಲ್ಲ. ನಮ್ಮ ಮೈಯ ಅಣುಗಳನ್ನು ವಿದ್ಯುತ್ ಬಲ ಬಿಗಿಯಾಗಿ ಹಿಡಿದುಕೊಂಡಿದೆ. ಭೂಮಿಯನ್ನು, ಸೌರಮಂಡಲವನ್ನು, ಕೋಟಿಗಟ್ಟಲೆ ನಕ್ಷತ್ರಗಳ ಗುಂಪಾದ ಇಡೀ ಗೆಲಾಕ್ಸಿಯನ್ನು ಗುರುತ್ವ ಹಿಡಿದಿಟ್ಟಿದೆ. ಪಕ್ಕದ ಆಂಡ್ರೊಮಿಡಾ ಗೆಲಾಕ್ಸಿ ದೂರ ಹೋಗುವುದಿರಲಿ, ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೇ ಬರುತ್ತಿದೆ. ಹಿಗ್ಗುತ್ತಿರುವುದು ಗೆಲಾಕ್ಸಿ ಗುಂಪುಗಳ ನಡುವಿನ ಜಾಗ. ಸಾಲದಿದ್ದರೆ ಮತ್ತೆ ಕೇಳಿ, ಮೆಸೇಜ್ ನೋಡುತ್ತಿರುತ್ತೇನೆ.